ಕಾವಲಿನ ಹುಲ್ಲಿನ ನಡುವೆ ಕಾಣದ ಬೇಲಿ



ಕಡೂರು, ತರೀಕೆರೆ, ಅಜ್ಜಂಪುರ ಕಡೆಯ ನಿಮಗೆ 'ಕಾವಲು' ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲೊಂದು ಇಲ್ಲೊಂದು ಮರ, ಉಳಿದಂತೆ ಕಣ್ಣು ಹಾಯುವಷ್ಟು ದೂರವೂ ಹುಲ್ಲು. ಮೈಸೂರು ಅರಸರ ಕಾಲದಲ್ಲಿ ದನಗಳ ಮೇವಿಗೆಂದು ಮೀಸಲಿಟ್ಟ ಜಾಗಗಳಿವು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ 'ಬೆಣ್ಣೆ ಚಾವಡಿ' ಎಂದಿದ್ದ ದನಗಳ ಇಲಾಖೆಗೆ 'ಅಮೃತಮಹಲ್' ಎಂಬ ಹೆಸರು ಬಂದದ್ದು ಟಿಪ್ಪು ಸುಲ್ತಾನರ ಕಾಲದಲ್ಲಿ. ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು ಸರ್ಕಾರ 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ಅಲ್ಲಿ ಕೃಷ್ಣಮೃಗಗಳು ಮೇಯುತ್ತವೆ.

ದನ, ಜಿಂಕೆಗಳ ಬಗ್ಗೆ ನೀವು ಕೇಳಿದ್ದೀರಿ. ಅವು ಮೇಯುವ ಹುಲ್ಲಿನ ಬಗ್ಗೆ ಎಂದಾದರೂ ಯೋಚಿಸಿದ್ದೀರಾ? ಮುಂಗಾರು ಕಳೆದು ಹುಲ್ಲು ತೆನೆ ಬಿಟ್ಟಾಗ ಕಾವಲಿಗೆ ಹೋಗಿ ನೋಡಿ. ಅಕ್ಕಪಕ್ಕದಲ್ಲೇ ಎರಡು ಬುಡ ಹುಲ್ಲು. ಎಲೆ ಒಂದೇ ತರಹ, ತೆನೆ ಒಂದೇ ತರಹ, ಹೆಸರೂ ಒಂದೇ. ಒಂದರ ಪರಾಗ ಗಾಳಿಯಲ್ಲಿ ತೇಲಿ ಇನ್ನೊಂದರ ಹೂವಿನ ಮೇಲೆ ಬೀಳುತ್ತದೆ. ಆದರೂ ಅವೆರಡಕ್ಕೂ ಸೇರಿದ ಒಂದು ಸಸಿಯೂ ಹುಟ್ಟದೇ ಹೋಗಬಹುದು! ನಡುವೆ ಕಲ್ಲಿನ ಗೋಡೆಯಿಲ್ಲ, ಮುಳ್ಳಿನ ಬೇಲಿಯೂ ಇಲ್ಲ. ಹಾಗಾದರೆ ಅಡ್ಡಿಯಾದದ್ದು ಏನು? ಈ ಪಾಠದಲ್ಲಿ ಆ ಕಾಣದ ಬೇಲಿಯನ್ನು ಹುಡುಕೋಣ.

ಎರಡು ಬಗೆಯ ಬೀಜ

ಹೂವಿನಿಂದ ಬೀಜ ಆಗುವ ಬಗೆಯನ್ನು ನೀವು ತರಗತಿಯಲ್ಲಿ ಓದಿದ್ದೀರಿ. ಒಮ್ಮೆ ನೆನಪು ಮಾಡಿಕೊಳ್ಳಿ. ಪರಾಗವು ಶಲಾಕಾಗ್ರದ ಮೇಲೆ ಬೀಳುತ್ತದೆ. ಅದರಿಂದ ಸಣ್ಣ ನಳಿಕೆಯೊಂದು ಅಂಡಕದವರೆಗೆ ಇಳಿಯುತ್ತದೆ. ಆ ನಳಿಕೆಯಲ್ಲಿ ಎರಡು ಗಂಡು ಕೋಶಗಳಿರುತ್ತವೆ. ಒಂದು ಅಂಡಾಣುವಿನೊಡನೆ ಸೇರಿ ಭ್ರೂಣವಾಗುತ್ತದೆ, ಅಂದರೆ ಮುಂದಿನ ಸಸಿ. ಇನ್ನೊಂದು ಪಕ್ಕದ ಕೋಶದೊಡನೆ ಸೇರಿ ಭ್ರೂಣಾಹಾರವಾಗುತ್ತದೆ, ಅಂದರೆ ಆ ಸಸಿಯ ಬುತ್ತಿ. ರಾಗಿ, ಜೋಳ, ಭತ್ತದ ಕಾಳಿನಲ್ಲಿ ನಾವು ಮುಖ್ಯವಾಗಿ ತಿನ್ನುವುದು ಈ ಬುತ್ತಿಯನ್ನೇ.

ಹೀಗೆ ತಂದೆ ತಾಯಿ ಇಬ್ಬರ ಪಾಲೂ ಇರುವ ಬೀಜವನ್ನು ಈ ಪಾಠದಲ್ಲಿ ಸುಲಭಕ್ಕಾಗಿ 'ಕೂಡುಬೀಜ' ಎಂದು ಕರೆಯೋಣ.

ಆದರೆ ಎಲ್ಲ ಗಿಡಗಳೂ ಈ ನಿಯಮಕ್ಕೆ ಒಗ್ಗುವುದಿಲ್ಲ. ಲಂಡನ್ನಿನ ಕ್ಯೂ ಸಸ್ಯೋದ್ಯಾನಕ್ಕೆ ಆಸ್ಟ್ರೇಲಿಯಾದಿಂದ ಒಂದು ಪೊದೆಗಿಡ ಬಂದಿತ್ತು. ಅದರಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಕ್ಯೂನಲ್ಲಿ ಇದ್ದದ್ದು ಹೆಣ್ಣು ಗಿಡಗಳು ಮಾತ್ರ. ಆದರೂ ಅವು ಬೀಜ ಕಟ್ಟಿದವು, ಬೀಜ ಮೊಳೆಯಿತು! ಉದ್ಯಾನದ ಜಾನ್ ಸ್ಮಿತ್ ಈ ಸೋಜಿಗವನ್ನು 1841ರಲ್ಲಿ ಪ್ರಕಟಿಸಿದರು. ಗರ್ಭಧಾರಣೆ ಇಲ್ಲದೆ ಹೀಗೆ ಸಂತಾನ ಬೆಳೆಯುವುದಕ್ಕೆ ಜರ್ಮನಿಯ ಹ್ಯಾನ್ಸ್ ವಿಂಕ್ಲರ್ 1908ರಲ್ಲಿ 'ಅಪೊಮಿಕ್ಸಿಸ್' ಎಂಬ ಹೆಸರನ್ನು ಬಳಸಿದರು. 'ಬೆರಕೆ ಇಲ್ಲದ್ದು' ಎಂದು ಅದರ ಅರ್ಥ.

ಇಂಥ ಬೀಜದ ಭ್ರೂಣದಲ್ಲಿ ತಾಯಿಯ ಪಾಲು ಮಾತ್ರ ಇರುತ್ತದೆ. ಆದ್ದರಿಂದ ಇದನ್ನು 'ತಾಯಿಬೀಜ' ಎಂದು ಕರೆಯೋಣ. ತಾಯಿಬೀಜದಿಂದ ಹುಟ್ಟಿದ ಸಸಿ ತಾಯಿಯ ತದ್ರೂಪಿ. ಬಾಳೆಯ ಕಂದು ನೆಟ್ಟರೆ ಅದೇ ಬಾಳೆ ಬರುವುದಿಲ್ಲವೇ? ಹಾಗೆಯೇ ಇದು. ಇಲ್ಲಿ ಕಂದಿನ ಬದಲು ಬೀಜ, ಅಷ್ಟೇ ವ್ಯತ್ಯಾಸ.

ಒಂದು ಪ್ರಭೇದ, ಎರಡು ದಾರಿ

ದಖ್ಖನ್ ಪ್ರಸ್ಥಭೂಮಿಯ ಒಣ ಹುಲ್ಲುಗಾವಲುಗಳನ್ನು ಸಸ್ಯವಿಜ್ಞಾನಿಗಳು 'ಸೆಹಿಮಾ–ಡೈಕ್ಯಾಂಥಿಯಂ' ಬಗೆ ಎಂದು ಗುರುತಿಸುತ್ತಾರೆ. ಇವೆರಡೂ ಹುಲ್ಲುಗಳ ಹೆಸರುಗಳೇ. ಎರಡನೆಯದರಲ್ಲಿ 'ಡೈಕ್ಯಾಂಥಿಯಂ ಆನ್ಯುಲೇಟಮ್' ಎಂಬ ಒಳ್ಳೆಯ ಮೇವಿನ ಹುಲ್ಲಿದೆ. ಮೇವಿನ ಬೆಳೆಗಳ ಪುಸ್ತಕಗಳಲ್ಲಿ ಇದನ್ನು ಮಾರ್ವೆಲ್ ಹುಲ್ಲು ಎನ್ನುತ್ತಾರೆ.

ಪ್ರತಿಯೊಂದು ಜೀವಕೋಶದಲ್ಲೂ ವರ್ಣತಂತುಗಳಿರುತ್ತವೆ. ಎತ್ತರ, ಬಣ್ಣ, ಎಲೆಯ ಅಗಲ ಮುಂತಾದ ಗುಣಗಳನ್ನು ತಲೆಮಾರಿನಿಂದ ತಲೆಮಾರಿಗೆ ಒಯ್ಯುವ ಎಳೆಗಳಿವು. ಮಾರ್ವೆಲ್ ಹುಲ್ಲಿನ ಕೆಲವು ಗಿಡಗಳಲ್ಲಿ 20 ವರ್ಣತಂತುಗಳಿವೆ. ಇವು ಕೂಡುಬೀಜ ಬಿಡುತ್ತವೆ. ಇನ್ನು ಕೆಲವು ಗಿಡಗಳಲ್ಲಿ 40 ಇವೆ. ಇವು ಬಹುಮಟ್ಟಿಗೆ ತಾಯಿಬೀಜ ಬಿಡುತ್ತವೆ. 1950 ಮತ್ತು 60ರ ದಶಕಗಳಲ್ಲಿ ಅಮೆರಿಕದ ಒಕ್ಲಹೋಮದಲ್ಲಿ ಡಿ ವೆಟ್ ಮತ್ತು ಹಾರ್ಲನ್ ಎಂಬ ವಿಜ್ಞಾನಿಗಳು ಈ ಹುಲ್ಲನ್ನೂ ಇದರ ಬಂಧುಗಳನ್ನೂ ವಿವರವಾಗಿ ಅಭ್ಯಾಸ ಮಾಡಿದರು.

ಹೊರಗಿನಿಂದ ನೋಡಿ '20ರ ಗಿಡ ಯಾವುದು, 40ರ ಗಿಡ ಯಾವುದು' ಎಂದು ಹೇಳುವುದು ಕಷ್ಟ. ಬೇರಿನ ತುದಿಯ ಕೋಶಗಳಿಗೆ ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ವರ್ಣತಂತುಗಳನ್ನು ಎಣಿಸಿ ನೋಡಬೇಕು.

ಈಗ ಬೇಲಿಯ ಹತ್ತಿರ ಬಂದೆವು. ಅದು ಒಂದಲ್ಲ, ಮೂರು ಸುತ್ತಿನ ಬೇಲಿ.

ಮೊದಲ ಬೇಲಿ: ತಾಯಿ ಬಾಗಿಲು ತೆರೆಯುವುದಿಲ್ಲ

20ರ ಗಿಡದ ಪರಾಗ 40ರ ಗಿಡದ ಹೂವಿಗೆ ಬಿದ್ದಿತು ಎನ್ನಿ. ಅಲ್ಲಿ ಏನಾಗುತ್ತದೆ?

ಕೂಡುಬೀಜದ ಗಿಡದಲ್ಲಿ ಅಂಡಾಣು ಆಗುವ ಮೊದಲು ವರ್ಣತಂತುಗಳ ಸಂಖ್ಯೆ ಅರ್ಧಕ್ಕೆ ಇಳಿಯುತ್ತದೆ. ತಂದೆಯ ಅರ್ಧ ಬಂದು ಸೇರಿ ಲೆಕ್ಕ ಮತ್ತೆ ಪೂರ್ತಿಯಾಗಬೇಕು. ತಾಯಿಬೀಜದ ಗಿಡದಲ್ಲಿ ಹೀಗಾಗುವುದಿಲ್ಲ. ಅಂಡಕದ ಒಳಗಿನ ಸಾಮಾನ್ಯ ಕೋಶವೊಂದು ತಾನೇ ಭ್ರೂಣಚೀಲವಾಗಿ ಬೆಳೆಯುತ್ತದೆ. ಅದರ ಅಂಡಾಣುವಿನಲ್ಲಿ 40 ವರ್ಣತಂತುಗಳೂ ಹಾಗೆಯೇ ಇರುತ್ತವೆ. ಯಾರಿಗೂ ಕಾಯದೆ ಅದು ಭ್ರೂಣವಾಗಿಬಿಡುತ್ತದೆ. ತಂದೆಗೆ ಅಲ್ಲಿ ಜಾಗವೇ ಉಳಿಯುವುದಿಲ್ಲ.

ಹಾಗಾದರೆ ಪರಾಗ ಬೇಡವೇ? ಇಲ್ಲೊಂದು ವಿಚಿತ್ರವಿದೆ. ಇಂಥ ಹುಲ್ಲುಗಳಿಗೆ ಪರಾಗ ಬೇಕು, ಆದರೆ ಬುತ್ತಿಗೆ ಮಾತ್ರ! ಗಂಡು ಕೋಶ ಸೇರದಿದ್ದರೆ ಭ್ರೂಣಾಹಾರ ಬೆಳೆಯುವುದಿಲ್ಲ, ಕಾಳು ಜೊಳ್ಳಾಗುತ್ತದೆ. ಅಂದರೆ ಬೇರೆ ಗಿಡದ ಪರಾಗ ಬಂದು ಬುತ್ತಿ ಕಟ್ಟಿಕೊಟ್ಟರೂ ಮಗುವಿನಲ್ಲಿ ಅದಕ್ಕೆ ಪಾಲಿಲ್ಲ.

ಎರಡನೇ ಬೇಲಿ: ಬುತ್ತಿಯ ಲೆಕ್ಕ ತಪ್ಪುತ್ತದೆ

ಈಗ ತಿರುಗಿಸಿ ನೋಡೋಣ. 40ರ ಗಿಡ ತಾಯಿಯಾಗಿ ಬಾಗಿಲು ಮುಚ್ಚಿದರೂ ಅದರ ಪರಾಗ ಚೆನ್ನಾಗಿಯೇ ಇರುತ್ತದೆ. ಪರಾಗದಲ್ಲಿ ವರ್ಣತಂತುಗಳು ಅರ್ಧಕ್ಕೆ ಇಳಿದು 20 ಆಗಿರುತ್ತವೆ. ಆ ಪರಾಗ 20ರ ಗಿಡದ ಹೂವಿಗೆ ಬಿದ್ದರೆ? ಆ ತಾಯಿ ಬಾಗಿಲು ತೆರೆದೇ ಇದೆ. ಅಂದರೆ ಮೊದಲ ಬೇಲಿ ಒಂದು ಕಡೆಯಿಂದ ಮಾತ್ರ ತಡೆಯುತ್ತದೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇಲ್ಲಿ ಅಡ್ಡ ಬರುವುದು ಲೆಕ್ಕ. ಸ್ಲೇಟು ತೆಗೆದುಕೊಂಡು ನೀವೂ ಮಾಡಿ.

ಸಾಮಾನ್ಯ ಬೀಜದಲ್ಲಿ: 20ರ ತಾಯಿಯ ಅಂಡಾಣುವಿನಲ್ಲಿ 10, 20ರ ತಂದೆಯ ಗಂಡು ಕೋಶದಲ್ಲಿ 10. ಭ್ರೂಣಕ್ಕೆ ಒಟ್ಟು 20. ಭ್ರೂಣಾಹಾರಕ್ಕೆ ತಾಯಿಯಿಂದ ಎರಡು ಪಾಲು, ಅಂದರೆ 10 + 10. ತಂದೆಯಿಂದ ಒಂದು ಪಾಲು, ಅಂದರೆ 10. ಒಟ್ಟು 30. ತಾಯಿ ಮತ್ತು ತಂದೆಯ ಪಾಲು 2 : 1.

ಬೆರಕೆ ಬೀಜದಲ್ಲಿ: ತಾಯಿಯ ಅಂಡಾಣುವಿನಲ್ಲಿ 10, 40ರ ತಂದೆಯ ಗಂಡು ಕೋಶದಲ್ಲಿ 20. ಭ್ರೂಣಕ್ಕೆ ಒಟ್ಟು 30. ಭ್ರೂಣಾಹಾರಕ್ಕೆ ತಾಯಿಯಿಂದ 20, ತಂದೆಯಿಂದಲೂ 20. ಪಾಲು 1 : 1 ಆಗಿಬಿಟ್ಟಿತು!

ಹುಲ್ಲಿನ ಜಾತಿಯ ಗಿಡಗಳು ಈ 2 : 1ರ ಲೆಕ್ಕದಲ್ಲಿ ಬಹಳ ಕಟ್ಟುನಿಟ್ಟು. ಲೆಕ್ಕ ತಪ್ಪಿದರೆ ಭ್ರೂಣಾಹಾರ ಸರಿಯಾಗಿ ಬೆಳೆಯುವುದಿಲ್ಲ. ಬುತ್ತಿ ಇಲ್ಲದ ಭ್ರೂಣ ಕಾಳಿನೊಳಗೇ ಸೊರಗುತ್ತದೆ. ಕೈಗೆ ಸಿಗುವುದು ಮುದುಡಿದ ಕಾಳು.

ಮೂರನೇ ಬೇಲಿ: ಜೋಡಿ ಸಿಗದ ಮೊಮ್ಮಕ್ಕಳು

ಎಲ್ಲೋ ಒಂದು ಬೆರಕೆ ಬೀಜ ತಪ್ಪಿಸಿಕೊಂಡು ಮೊಳೆಯಿತು ಎಂದುಕೊಳ್ಳಿ. ಅದರಲ್ಲಿ 30 ವರ್ಣತಂತುಗಳು, ಅಂದರೆ ಹತ್ತರ ಮೂರು ಗುಂಪುಗಳು. ಅಂಡಾಣು, ಪರಾಗ ಆಗುವಾಗ ವರ್ಣತಂತುಗಳು ಎರಡೆರಡಾಗಿ ಜೋಡಿಯಾಗಿ, ಆಮೇಲೆ ಸಮನಾಗಿ ಬೇರ್ಪಡಬೇಕು. ಮೂರು ಜನರಿಗೆ ಇಬ್ಬಿಬ್ಬರ ಸಾಲು ಮಾಡಲು ಹೇಳಿದರೆ ಏನಾಗುತ್ತದೆ? ಒಬ್ಬರು ಹೊರಗೇ ಉಳಿಯುತ್ತಾರೆ. ಇಲ್ಲೂ ಹಾಗೆಯೇ ಆಗಿ, ಹೆಚ್ಚಿನ ಪರಾಗ ಮತ್ತು ಅಂಡಾಣುಗಳು ಕೆಲಸಕ್ಕೆ ಬಾರವು.

ಆದರೆ ಆ ಬೆರಕೆ ಗಿಡ ತಂದೆಯಿಂದ ತಾಯಿಬೀಜ ಬಿಡುವ ಗುಣವನ್ನು ಪಡೆದಿದ್ದರೆ? ಆಗ ಅದಕ್ಕೆ ಜೋಡಿಯ ಚಿಂತೆಯೇ ಇಲ್ಲ. ತನ್ನ ತದ್ರೂಪಿಗಳನ್ನು ಹುಟ್ಟಿಸುತ್ತಾ ಹೋಗಬಹುದು. ಯೂರೋಪಿನ ಡ್ಯಾಂಡೆಲಿಯನ್ ಎಂಬ ಹಳದಿ ಹೂವಿನ ಗಿಡದಲ್ಲಿ ಮೂರು ಗುಂಪಿನ ವರ್ಣತಂತುಗಳಿರುವ ಇಂಥ ಗಿಡಗಳೇ ಬಹಳ ಕಡೆ ತುಂಬಿಕೊಂಡಿವೆ.

ಮೆಂಡಲರನ್ನೂ ಕಾಡಿದ ಬೇಲಿ

ಬಟಾಣಿ ಗಿಡಗಳ ಮೇಲೆ ಪ್ರಯೋಗ ಮಾಡಿದ ಗ್ರೆಗರ್ ಮೆಂಡಲರ ಹೆಸರನ್ನು ನೀವು ಕೇಳಿರಬಹುದು. ಆ ಪ್ರಯೋಗಗಳು 1866ರಲ್ಲಿ ಅಚ್ಚಾದವು. ಮುಂದೆ ಅವರು ಹಾಕ್‌ವೀಡ್ ಎಂಬ ಗಿಡವನ್ನು ಆರಿಸಿಕೊಂಡರು. ಬಟಾಣಿಯ ಬೆರಕೆ ಗಿಡಗಳು ಒಂದೇ ತರಹ ಇದ್ದವು, ಅವುಗಳ ಮಕ್ಕಳಲ್ಲಿ ಗುಣಗಳು ಬೇರೆ ಬೇರೆಯಾದವು. ಹಾಕ್‌ವೀಡ್‌ನಲ್ಲಿ ಎಲ್ಲವೂ ತಲೆಕೆಳಗು! ಬೆರಕೆ ಗಿಡಗಳು ಬೇರೆ ಬೇರೆ ತರಹ ಇದ್ದವು, ಆದರೆ ಒಂದೊಂದರ ಮಕ್ಕಳೂ ಅದರಂತೆಯೇ ಇದ್ದವು. 1869ರಲ್ಲಿ ಅವರು ಇದನ್ನು ಸಭೆಯಲ್ಲಿ ಓದಿದರು. ಕಾರಣ ತಿಳಿಯುವ ಮೊದಲೇ, 1884ರಲ್ಲಿ ತೀರಿಕೊಂಡರು. ಹಾಕ್‌ವೀಡ್ ತಾಯಿಬೀಜ ಬಿಡುವ ಗಿಡ ಎಂಬುದು ಗೊತ್ತಾದದ್ದು 1900ರ ನಂತರದ ವರ್ಷಗಳಲ್ಲಿ. ಮೆಂಡಲರ ಲೆಕ್ಕ ತಪ್ಪಾಗಿರಲಿಲ್ಲ. ಗಿಡದ ದಾರಿಯೇ ಬೇರೆಯಾಗಿತ್ತು.

ಬೇಲಿಯಲ್ಲಿ ಕಂಡಿ

ಬೇಲಿ ಎಂದ ಮೇಲೆ ಎಲ್ಲಾದರೂ ಒಂದು ಕಂಡಿ ಇರುತ್ತದೆ. ತಾಯಿಬೀಜ ಬಿಡುವ ಅನೇಕ ಹುಲ್ಲುಗಳಲ್ಲಿ ಅದೇ ತೆನೆಯ ಕೆಲವು ಹೂಗಳು ಕೂಡುಬೀಜ ಬಿಡುವುದುಂಟು. ಮಾರ್ವೆಲ್ ಹುಲ್ಲಿನ ಹತ್ತಿರದ ಬಂಧುವಾದ 'ಡೈಕ್ಯಾಂಥಿಯಂ ಅರಿಸ್ಟೇಟಮ್' ಹುಲ್ಲಿನಲ್ಲಿ ಇವೆರಡರ ಪ್ರಮಾಣ ಋತುವಿಗೆ ತಕ್ಕಂತೆ ಬದಲಾಗುತ್ತದೆ ಎಂದು ಆರ್.ಬಿ. ನಾಕ್ಸ್ 1967ರಲ್ಲಿ ತೋರಿಸಿದರು. ಹಗಲಿನ ಉದ್ದ ಹೆಚ್ಚು ಕಡಿಮೆಯಾದಂತೆ ಕಂಡಿಯೂ ಹಿಗ್ಗುತ್ತದೆ, ಕುಗ್ಗುತ್ತದೆ.

ನಮ್ಮ ನಾಡಿನವರೂ ಈ ವಿಷಯದಲ್ಲಿ ಕೆಲಸ ಮಾಡಿದ್ದಾರೆ. 'ಹಸುರು ಹೊನ್ನು' ಪುಸ್ತಕ ಬರೆದ ಬಿ.ಜಿ.ಎಲ್. ಸ್ವಾಮಿಯವರು ಹೆಸರಾಂತ ಸಸ್ಯವಿಜ್ಞಾನಿ. ಅಮೆರಿಕದ 'ಸ್ಪೈರ್ಯಾಂಥಿಸ್ ಸರ್ನುವಾ' ಎಂಬ ಆರ್ಕಿಡ್ ಗಿಡದಲ್ಲಿ ಗರ್ಭಧಾರಣೆ ಇಲ್ಲದೆ ಭ್ರೂಣಗಳು ಬೆಳೆಯುವುದನ್ನು ಅವರು 1948ರಲ್ಲಿ ವಿವರಿಸಿದರು.

ಬೀಗಕ್ಕೆ ಸಿಕ್ಕಿದ ಕೀಲಿ

ನಿಮ್ಮ ಮನೆಯಲ್ಲಿ ಹಸುಗಳಿದ್ದರೆ ಗಿನಿ ಹುಲ್ಲು ಗೊತ್ತಿರಬಹುದು. ಆಫ್ರಿಕದಿಂದ ಬಂದ ಮೇವಿನ ಹುಲ್ಲು ಇದು. ಸಾಮಾನ್ಯವಾಗಿ ಸಿಗುವ ಗಿನಿ ಹುಲ್ಲಿನಲ್ಲಿ 32 ವರ್ಣತಂತುಗಳು. ಅದು ತಾಯಿಬೀಜದ ಗಿಡ. ಎರಡು ಒಳ್ಳೆಯ ಗಿಡಗಳ ಗುಣಗಳನ್ನು ಸೇರಿಸಿ ಹೊಸ ತಳಿ ಮಾಡೋಣವೆಂದರೆ ಯಾವ ತಾಯಿಯೂ ಬಾಗಿಲು ತೆರೆಯದು!

1960ರ ದಶಕದಲ್ಲಿ ಫ್ರೆಂಚ್ ವಿಜ್ಞಾನಿಗಳಿಗೆ ಪೂರ್ವ ಆಫ್ರಿಕದ ಟಾಂಜಾನಿಯದಲ್ಲಿ ಕೂಡುಬೀಜ ಬಿಡುವ, 16 ವರ್ಣತಂತುಗಳ ಗಿನಿ ಹುಲ್ಲು ಸಿಕ್ಕಿತು. ಬಾಗಿಲು ತೆರೆಯುವ ತಾಯಿ ಸಿಕ್ಕಿದಳು. ಆದರೆ 16 ಮತ್ತು 32ರ ನಡುವೆ ಬುತ್ತಿಯ ಲೆಕ್ಕ ತಪ್ಪುತ್ತದಲ್ಲ? ಅದಕ್ಕೆ ಅವರು ಕಾಲ್ಚಿಸಿನ್ ಎಂಬ ರಾಸಾಯನಿಕವನ್ನು ಬಳಸಿ 16ನ್ನು 32 ಮಾಡಿದರು. ಈಗ ತಾಯಿಯೂ 32, ತಂದೆಯೂ 32. ಭ್ರೂಣಾಹಾರದಲ್ಲಿ ತಾಯಿಯಿಂದ 16 + 16, ತಂದೆಯಿಂದ 16. ಮತ್ತೆ 2 : 1! ಕಾಳು ತುಂಬಿತು. ಹುಟ್ಟಿದ ಸಸಿಗಳಲ್ಲಿ ಸುಮಾರು ಅರ್ಧದಷ್ಟು ಕೂಡುಬೀಜದವು, ಅರ್ಧದಷ್ಟು ತಾಯಿಬೀಜದವು. ಮೊದಲ ಬೇಲಿ ಒಂದು ಕಡೆಯಿಂದ ಮಾತ್ರ ತಡೆಯುತ್ತದೆ ಎಂದೆವಲ್ಲ? ಆ ತೆರೆದ ಕಡೆಯಿಂದಲೇ ಅವರು ದಾಟಿದರು.

ರೈತರಿಗೆ ಇದರಿಂದೇನು?

ಅನೇಕ ಮನೆಗಳಲ್ಲಿ ಕಣಜದ ರಾಗಿಯನ್ನೇ ಮುಂದಿನ ವರ್ಷ ಬಿತ್ತುತ್ತಾರೆ. ಆದರೆ ಹೈಬ್ರಿಡ್ ಮೆಕ್ಕೆಜೋಳದ ಬೀಜವನ್ನು ಪ್ರತಿ ವರ್ಷ ಅಂಗಡಿಯಿಂದ ಕೊಳ್ಳಬೇಕು. ಏಕೆ? ಹೈಬ್ರಿಡ್ ಗಿಡ ಬಿಡುವುದೂ ಕೂಡುಬೀಜವೇ. ಆ ಬೀಜ ಬಿತ್ತಿದರೆ ಗುಣಗಳು ಚದುರಿ, ಬೆಳೆ ಒಂದೇ ಸಮನಾಗಿ ಬರುವುದಿಲ್ಲ. ಹೈಬ್ರಿಡ್ ಗಿಡವೇ ತಾಯಿಬೀಜ ಬಿಡುವಂತಾದರೆ ರೈತರು ತಮ್ಮ ಹೊಲದ ಬೀಜವನ್ನೇ ಇಟ್ಟುಕೊಳ್ಳಬಹುದು.

ಇದು ಬರಿಯ ಕನಸಲ್ಲ. ತಾಯಿಬೀಜ ಬಿಡುವ ಒಂದು ಕಾಡು ಹುಲ್ಲಿನ ವಂಶವಾಹಿಯನ್ನು ಸಜ್ಜೆಗೆ ಸೇರಿಸಿದಾಗ ಗರ್ಭಧಾರಣೆ ಇಲ್ಲದೆ ಭ್ರೂಣ ಬೆಳೆದದ್ದು 2015ರಲ್ಲಿ ವರದಿಯಾಯಿತು. 2019ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಇಮ್ತಿಯಾಜ್ ಖಾಂಡೆ, ವೆಂಕಟೇಶನ್ ಸುಂದರೇಶನ್ ಮತ್ತು ಸಂಗಡಿಗರು ಭತ್ತದಲ್ಲಿ ತದ್ರೂಪಿ ಬೀಜಗಳನ್ನು ಪಡೆದರು. 2022ರಲ್ಲಿ ಹೈಬ್ರಿಡ್ ಭತ್ತದಲ್ಲಿ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ತದ್ರೂಪಿ ಬೀಜ ಬಂದ ವರದಿ ಪ್ರಕಟವಾಯಿತು.

ಆದರೆ ಎಚ್ಚರವೂ ಬೇಕು. ತಾಯಿಬೀಜದ ಗಿಡ ಪರಾಗವನ್ನು ಹೊರಗೆ ಕೊಡಬಲ್ಲದು. ಆ ಗುಣ ಪರಾಗದ ಜೊತೆ ಹೊಲದಾಚೆಯ ಕಾಡು ಬಂಧುಗಳಿಗೆ ಸೇರಿದರೆ, ಒಂದೇ ಬಗೆಯ ಕಳೆ ಎಲ್ಲೆಡೆ ಹಬ್ಬಬಹುದು. ಬೇಲಿಯ ತೆರೆದ ಕಡೆ ಯಾವುದು ಎಂದು ತಿಳಿದಿರಬೇಕಾದದ್ದು ಇದಕ್ಕೇ.

ಮತ್ತೆ ನಮ್ಮ ಕಾವಲಿಗೆ

ತಾಯಿಬೀಜ ಒಳ್ಳೆಯದೋ ಕೂಡುಬೀಜ ಒಳ್ಳೆಯದೋ? ಎರಡೂ ಬೇಕು. ಗೆದ್ದ ಗಿಡವನ್ನು ಹಾಗೆಯೇ ನೂರಾಗಿ ಮಾಡುವುದು ತಾಯಿಬೀಜ. ಹೊಸ ಗುಣಗಳ ಗಿಡ ಹುಟ್ಟಿಸುವುದು ಕೂಡುಬೀಜ. ಎಲ್ಲ ಗಿಡವೂ ತದ್ರೂಪಿಗಳೇ ಆದರೆ, ಒಂದನ್ನು ಕೊಲ್ಲುವ ರೋಗ ಎಲ್ಲವನ್ನೂ ಕೊಲ್ಲಬಲ್ಲದು.

ಗಿನಿ ಹುಲ್ಲಿನ ಕಥೆ ನೆನೆಯಿರಿ. ಟಾಂಜಾನಿಯದ ಆ ಹುಲ್ಲುಗಾವಲನ್ನು ಯಾರಾದರೂ ಮೊದಲೇ ಉತ್ತುಬಿಟ್ಟಿದ್ದರೆ? ಕೀಲಿಯೇ ಕಳೆದುಹೋಗುತ್ತಿತ್ತು. ನೋಡಲು ಅದು ಬರಿಯ ಹುಲ್ಲು. ನಮ್ಮ ಕಾವಲನ್ನು 'ಬೀಳು ಭೂಮಿ, ಬರಿಯ ಹುಲ್ಲು' ಎಂದು ಯಾರಾದರೂ ಹೇಳಿದರೆ ನೀವು ಇದನ್ನು ಹೇಳಿ: ಯಾವ ಬುಡದಲ್ಲಿ ಕೀಲಿ ಇದೆಯೋ ಹೊರಗಿನಿಂದ ಕಾಣುವುದಿಲ್ಲ. ಕಾವಲು ಉಳಿದರೆ ಮಾತ್ರ ಅದು ಉಳಿಯುತ್ತದೆ.

ಮಾಡಿ ನೋಡಿ

ಹುಲ್ಲಿನ ಅಂಡಕ ಬಹಳ ಚಿಕ್ಕದು. ಆದರೆ ತಾಯಿಬೀಜವನ್ನು ಕಣ್ಣಾರೆ ನೋಡಲು ಸುಲಭ ದಾರಿಯಿದೆ.

1. ಕಿತ್ತಳೆ ಅಥವಾ ನಿಂಬೆಯ ಹತ್ತು ಬೀಜ, ಚಕ್ಕೋತದ ಹತ್ತು ಬೀಜ ತೆಗೆದುಕೊಳ್ಳಿ. ರಾತ್ರಿ ನೀರಿನಲ್ಲಿ ನೆನೆಸಿ.

2. ಬೆಳಿಗ್ಗೆ ಉಗುರಿನಿಂದ ಸಿಪ್ಪೆ ಬಿಡಿಸಿ. ಒಳಗಿನ ಭ್ರೂಣಗಳನ್ನು ಮೆಲ್ಲಗೆ ಬೇರ್ಪಡಿಸಿ ಎಣಿಸಿ. ಚಕ್ಕೋತದಲ್ಲಿ ಒಂದೇ ಭ್ರೂಣ. ಕಿತ್ತಳೆ, ನಿಂಬೆಯ ಅನೇಕ ಬೀಜಗಳಲ್ಲಿ ಎರಡು, ಮೂರು ಅಥವಾ ಇನ್ನೂ ಹೆಚ್ಚು. ಹೆಚ್ಚಿನವು ತಾಯಿಯ ತದ್ರೂಪಿಗಳು. ಕಿತ್ತಳೆ ಬೀಜದಲ್ಲಿ ಎರಡು ಭ್ರೂಣಗಳಿರುವುದನ್ನು ಹಾಲೆಂಡಿನ ಲೀವೆನ್‌ಹುಕ್ 1719ರಲ್ಲೇ ಗಮನಿಸಿದ್ದರು.

3. ಮಾವಿನ ಕಾಲದಲ್ಲಿ ಬಗೆಬಗೆಯ ವಾಟೆಗಳನ್ನು ನೆಟ್ಟು, ಹೆಸರು ಬರೆದಿಡಿ. ಬಾದಾಮಿ, ರಸಪುರಿ, ತೋತಾಪುರಿಯ ವಾಟೆಯಿಂದ ಒಂದೇ ಸಸಿ ಬರುತ್ತದೆ. ಕರಾವಳಿಯ ಬಪ್ಪಕಾಯಿ, ಓಲೂರು ತಳಿಗಳ ವಾಟೆಯಿಂದ ಹಲವು ಸಸಿಗಳು ಬರುತ್ತವೆ. ಇವೆಲ್ಲವೂ ಒಂದೇ ಪ್ರಭೇದ, ಮಾವು!

ಯೋಚಿಸಿ ಉತ್ತರಿಸಿ

1. ತಾಯಿಬೀಜದ ಹುಲ್ಲಿಗೂ ಪರಾಗ ಏಕೆ ಬೇಕು?

2. 16 ವರ್ಣತಂತುಗಳ ತಾಯಿ, 32 ವರ್ಣತಂತುಗಳ ತಂದೆ. ಭ್ರೂಣದಲ್ಲಿ ಎಷ್ಟು? ಭ್ರೂಣಾಹಾರದಲ್ಲಿ ತಾಯಿ ಮತ್ತು ತಂದೆಯ ಪಾಲು ಎಷ್ಟೆಷ್ಟು?

3. ನಿಮ್ಮ ಊರಿನ ಹಿರಿಯರನ್ನು ಕೇಳಿ ಕಾವಲಿನ ಐದು ಹುಲ್ಲುಗಳ ಹೆಸರು ಬರೆಯಿರಿ. ಪ್ರತಿಯೊಂದರ ಒಂದು ತೆನೆಯನ್ನು ಒಣಗಿಸಿ, ನೋಟ್‌ಬುಕ್ಕಿನಲ್ಲಿ ಅಂಟಿಸಿ.